60ರ ದಶಕದ ಬಿಲ್ಟ್-ಇನ್ ಫ್ರಿಡ್ಜು: ಗ್ಯಾಸ್ ಹಾಕಿಸಬೇಕಾ, ತೊಂದರೆ ಬೇರೆ ಕಡೆ ಇದೆಯಾ?

ತೇಗದ_ಬಾಗಿಲು

ಮನೆ ಜಯನಗರದಲ್ಲಿ, 60ರ ದಶಕದ್ದು. ಚಪ್ಪಟೆ ತಾರಸಿ, ಮೊಸಾಯಿಕ್ ನೆಲ, ಅಡುಗೆಮನೆಯ ಒಂದು ಗೋಡೆ ಪೂರ್ತಿ ತೇಗದ ಕಪಾಟು. ಆ ಕಪಾಟಿನ ಒಳಗೇ ಅಮೆರಿಕದ 36 ಇಂಚು ಅಗಲದ ಫ್ರಿಡ್ಜು ಕೂರಿಸಿದ್ದಾರೆ. ಬಾಗಿಲಿಗೂ ತೇಗದ ಹಲಗೆ. ಐಸ್ ತಾನಾಗೇ ಕರಗುವ ಮಾಡೆಲ್, ಕಂಪ್ರೆಸರ್ ಮತ್ತು ಕಂಡೆನ್ಸರ್ (ಶಾಖ ಹೊರಹಾಕುವ ಕಾಯಿಲ್) ಕೆಳಗಡೆ.

ನೇಮ್‌ಪ್ಲೇಟಿನಲ್ಲಿ ಇರುವುದು: 115 ವೋಲ್ಟ್, 60 ಸೈಕಲ್, 4.6 ಆಂಪ್, ಆರ್-12 (ತಂಪು ಮಾಡುವ ಗ್ಯಾಸ್), 9 ಔನ್ಸ್. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಮೇಲೆ ಓಡುತ್ತಿದೆ.

ಈಗಿನ ಸ್ಥಿತಿ: ಫ್ರೀಜರ್ ಮೈನಸ್ 9, ಕೆಳಗಿನ ಭಾಗ 13 ಡಿಗ್ರಿ. ಕಂಪ್ರೆಸರ್ ನಿಲ್ಲುವುದೇ ಇಲ್ಲ. ಟ್ರಾನ್ಸ್‌ಫಾರ್ಮರಿಂದ 118 ವೋಲ್ಟು ಬರುತ್ತಿದೆ, ಕ್ಲಾಂಪ್ ಮೀಟರ್ 6.1 ಆಂಪ್ ತೋರಿಸುತ್ತದೆ. ಒಬ್ಬ ಮೆಕ್ಯಾನಿಕ್ "ಗ್ಯಾಸ್ ಹೋಗಿದೆ, ಹಾಕಿಬಿಡೋಣ" ಅಂದರು, ಇನ್ನೊಬ್ಬರು "ಗುಜರಿಗೆ ಹಾಕಿ" ಅಂದರು. ಇತ್ತೀಚೆಗೆ ಅಡುಗೆಮನೆಗೆ ಹೊಸ ಸ್ಕರ್ಟಿಂಗ್ ಹಾಕಿಸಿದ್ದೇವೆ, ಉಳಿದಂತೆ ಏನೂ ಬದಲಾಗಿಲ್ಲ. ಕಪಾಟು ಒಡೆಯದೆ ಸರಿಮಾಡಲು ದಾರಿ ಇದೆಯೇ?

ಕಾಪರ್_ಟ್ಯೂಬ್

ಗ್ಯಾಸಿನ ಮಾತು ಸದ್ಯಕ್ಕೆ ಬಿಡಿ. ಆ ಕಾಲದ ಫ್ರಿಡ್ಜಿಗೆ ಗೇಜ್ ಹಾಕಲು ಸರ್ವಿಸ್ ವಾಲ್ವೇ ಇರುವುದಿಲ್ಲ. ಪೈಪಿಗೆ ಚುಚ್ಚುವ ವಾಲ್ವ್ ಹಾಕಿದರೆ ಅಲ್ಲಿಂದಲೇ ಸೋರಿಕೆ ಶುರುವಾಗುತ್ತದೆ. ಚೆನ್ನಾಗಿದ್ದ ಎಷ್ಟೋ ಸೀಲ್ಡ್ ಸಿಸ್ಟಂ ಹಾಳಾಗಿರುವುದು ಹೀಗೆಯೇ.

ಮೊದಲು ಫ್ರೀಜರಿನ ಒಳಗಿನ ಹಿಂಬದಿ ತಗಡು ಬಿಚ್ಚಿ ಕಾಯಿಲ್ ಮೇಲಿನ ಹಿಮ ನೋಡಿ. ಗ್ಯಾಸ್ ಕಡಿಮೆ ಇದ್ದರೆ ಕ್ಯಾಪಿಲರಿ (ಗ್ಯಾಸ್ ಬರುವ ಸಣ್ಣ ಕೊಳವೆ) ಸೇರುವ ಕಡೆ ಮೊದಲ ಎರಡು-ಮೂರು ಸುತ್ತಿಗೆ ಮಾತ್ರ ಹಿಮ ಇರುತ್ತದೆ, ಉಳಿದ ಕಾಯಿಲ್ ಬೋಳು. ಕಾಯಿಲ್ ಪೂರ್ತಿ, ರೆಕ್ಕೆಗಳೇ ಕಾಣದಷ್ಟು ದಪ್ಪಗೆ ಕಟ್ಟಿದ್ದರೆ ಗ್ಯಾಸ್ ಸರಿಯಾಗೇ ಇದೆ, ಡಿಫ್ರಾಸ್ಟ್ (ಹೀಟರಿನಿಂದ ಐಸ್ ಕರಗಿಸುವ ವ್ಯವಸ್ಥೆ) ಕೆಲಸ ಮಾಡುತ್ತಿಲ್ಲ ಎಂದರ್ಥ. ಫ್ರೀಜರ್ ಸ್ವಲ್ಪ ತಣ್ಣಗಿದ್ದು ಕೆಳಗಡೆ ಬಿಸಿಯಾಗಿರುವುದು ನೋಡಿದರೆ ನನಗೆ ಎರಡನೆಯದರ ಮೇಲೇ ಅನುಮಾನ. ಗಾಳಿ ಐಸ್ ದಾಟಿ ಕೆಳಕ್ಕೆ ಇಳಿಯುತ್ತಿಲ್ಲ.

ಡಿಫ್ರಾಸ್ಟ್ ಟೈಮರಿನ ತುದಿಯಲ್ಲಿ ಸ್ಕ್ರೂಡ್ರೈವರ್ ಕೂರುವ ಸೀಳು ಇರುತ್ತದೆ. 'ಟಕ್' ಎನ್ನುವವರೆಗೆ ನಿಧಾನವಾಗಿ ಬಲಕ್ಕೆ ತಿರುಗಿಸಿ. ಕಂಪ್ರೆಸರ್ ನಿಂತು ಹೀಟರ್ ಹತ್ತಬೇಕು. 400 ವಾಟಿನ ಹೀಟರ್ ಆದರೆ 115 ವೋಲ್ಟಿನಲ್ಲಿ ಸುಮಾರು 3.5 ಆಂಪ್ ಎಳೆಯುತ್ತದೆ, ತಣ್ಣಗಿರುವಾಗ ಅಳೆದರೆ 33 ಓಮ್ ಆಸುಪಾಸು. ಕರೆಂಟು ಸೊನ್ನೆ ಬಂದರೆ ಹೆಚ್ಚಾಗಿ ಹೀಟರ್ ಅಥವಾ ಬೈಮೆಟಲ್ (ಕಾಯಿಲ್ ತಣ್ಣಗಿರುವಾಗ ಮಾತ್ರ ಹೀಟರಿಗೆ ಕರೆಂಟು ಬಿಡುವ ಸ್ವಿಚ್) ಹೋಗಿದೆ.

ಇನ್ನು ಆ ಹೊಸ ಸ್ಕರ್ಟಿಂಗ್. ಕೆಳಗಿನ ಗ್ರಿಲ್ ಮುಂದೆ ಗ್ರಾನೈಟ್ ಪಟ್ಟಿ ಬಂದಿದೆಯಾ ನೋಡಿ. ಈ ಮಾದರಿಯಲ್ಲಿ ಗ್ರಿಲ್ಲಿನ ಒಂದು ಅರ್ಧದಿಂದ ಗಾಳಿ ಒಳಗೆ ಹೋಗಿ, ಇನ್ನೊಂದು ಅರ್ಧದಿಂದ ಬಿಸಿಯಾಗಿ ಹೊರಬರುತ್ತದೆ. ನಡುವೆ ಒಂದು ಅಡ್ಡ ತಗಡು, ಹಿಂದೆ ಒಂದು ರಟ್ಟಿನ ಮುಚ್ಚಳ ಇರಲೇಬೇಕು. ರಟ್ಟು ಕಿತ್ತುಹೋಗಿದ್ದರೆ ಫ್ಯಾನ್ ಗಾಳಿಯನ್ನು ಕಂಡೆನ್ಸರ್ ಮೂಲಕ ಎಳೆಯುವ ಬದಲು ಹಿಂದಿನಿಂದ ಸುಮ್ಮನೆ ಸುತ್ತಿಸುತ್ತದೆ. ಒಳಹೋಗುವ ಗಾಳಿಯ ಉಷ್ಣತೆ ಅಳೆಯಿರಿ. ಅಡುಗೆಮನೆಗಿಂತ 5 ಡಿಗ್ರಿಗೂ ಹೆಚ್ಚಿದ್ದರೆ ಬಿಸಿಗಾಳಿ ವಾಪಸ್ ಒಳಗೇ ಹೋಗುತ್ತಿದೆ.

ಕಂಡೆನ್ಸರ್ ಧೂಳು ಬರೀ ಬ್ಲೋವರಿಗೆ ಹೋಗಲ್ಲ, ವರ್ಷಗಟ್ಟಲೆ ಒಗ್ಗರಣೆ ಜಿಡ್ಡು ಸೇರಿ ಮೆತ್ತಿಕೊಂಡಿರುತ್ತದೆ. ಪ್ಲಗ್ ಕಿತ್ತು, ಉದ್ದ ಬ್ರಷ್ಷಿಗೆ ಸೋಪಿನ ನೀರು ತಾಗಿಸಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಫ್ಯಾನ್ ಮೋಟಾರಿಗೆ ನೀರು ತಗುಲಬಾರದು. ಅದರ ಬುಷ್ ಪಕ್ಕ ಫೆಲ್ಟ್ ಇದ್ದರೆ ಹೊಲಿಗೆ ಮಿಷನ್ ಎಣ್ಣೆ ನಾಲ್ಕು ಹನಿ ಸಾಕು.

ಐವತ್ತು_ಹರ್ಟ್ಸ್

ಆ 6.1 ಆಂಪಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಿಮ್ಮ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಾಯಿಸುವುದಿಲ್ಲ. 60ಕ್ಕೆ ಮಾಡಿದ ಮೋಟಾರನ್ನು 50ರಲ್ಲಿ ಓಡಿಸುವಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು: 115 ಗುಣಿಸು 50 ಭಾಗಿಸು 60, ಅಂದರೆ 96 ವೋಲ್ಟು. ನೀವು ಕೊಡುತ್ತಿರುವ 118 ವೋಲ್ಟು, ಆ ಮೋಟಾರಿನ ಕೋರಿಗೆ 60 ಹರ್ಟ್ಸ್‌ನಲ್ಲಿ ಸುಮಾರು 142 ವೋಲ್ಟು ಕೊಟ್ಟಂತೆ. ಕೋರ್ (ಮೋಟಾರಿನ ಕಬ್ಬಿಣದ ತಿರುಳು) ಸ್ಯಾಚುರೇಟ್ ಆಗಿ ಕರೆಂಟು ಏರುತ್ತದೆ, ವೈಂಡಿಂಗ್ ಬಿಸಿಯಾಗುತ್ತದೆ, ಕೊನೆಗೆ ಓವರ್‌ಲೋಡ್ ಸ್ವಿಚ್ ಬಿದ್ದು ಕರೆಂಟು ಕಡಿಯುತ್ತದೆ. ಆಮೇಲೆ ಎಲ್ಲರೂ 'ಕಂಪ್ರೆಸರ್ ಸುಟ್ಟಿದೆ' ಅನ್ನುತ್ತಾರೆ.

ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ 100 ವೋಲ್ಟ್ ಟ್ಯಾಪ್ (100 ವೋಲ್ಟು ಕೊಡುವ ಹೊರಸಂಪರ್ಕ) ಹಾಕಿಸಿ. ಅಳತೆ 2 ಕೆವಿಎ ಇರಲಿ. ಸ್ಟಾರ್ಟ್ ಆಗುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುವುದರಿಂದ 500 ವಿಎ ಡಬ್ಬಿಯಲ್ಲಿ ವೋಲ್ಟೇಜ್ ಕುಸಿದು ರಿಲೇ ಪಟಪಟ ಹೊಡೆದುಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರಿಗೆ ಮುಂಚೆ 3 ನಿಮಿಷ ತಡದ ಸ್ಟೆಬಿಲೈಜರ್ ಇರಲೇಬೇಕು. ಲೈನ್ 190ಕ್ಕೆ ಇಳಿದರೆ 100ರ ಟ್ಯಾಪಿನಲ್ಲಿ ಬರೀ 83 ವೋಲ್ಟು ಸಿಗುತ್ತದೆ, ಕಂಪ್ರೆಸರ್ ಏಳುವುದಿಲ್ಲ. ಕರೆಂಟು ಹೋಗಿ ತಕ್ಷಣ ಬಂದಾಗ ಪ್ರೆಷರ್ ಸಮವಾಗಲೂ ಆ ತಡ ಬೇಕು.

ಇದರ ಪರಿಣಾಮ ಬೇರೆ ಕಡೆಯೂ ಇದೆ. ಕಂಪ್ರೆಸರ್ ವೇಗ ಆರನೇ ಒಂದು ಭಾಗ ಕಡಿಮೆ, ಕೂಲಿಂಗೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. 8 ಗಂಟೆಯ ಟೈಮರ್ ಇಲ್ಲಿ 9 ಗಂಟೆ 36 ನಿಮಿಷಕ್ಕೊಮ್ಮೆ ಡಿಫ್ರಾಸ್ಟಿಗೆ ಬರುತ್ತದೆ. 100 ವೋಲ್ಟಿನಲ್ಲಿ ಹೀಟರ್ ಶಾಖ ಮುಕ್ಕಾಲು ಮಾತ್ರ, ಆದರೆ ಟೈಮರ್ ನಿಧಾನವಾದ್ದರಿಂದ 21 ನಿಮಿಷದ ಡಿಫ್ರಾಸ್ಟ್ 25 ನಿಮಿಷ ನಡೆಯುತ್ತದೆ. ಒಟ್ಟು ಶಾಖ ಹತ್ತರಲ್ಲಿ ಒಂಬತ್ತು ಪಾಲು ಸಿಕ್ಕಿತು, ನಡೆಯುತ್ತದೆ.

ಅರ್ಥಿಂಗ್ ನೋಡಿ. ಅಗ್ಗದ ಸ್ಟೆಪ್-ಡೌನ್‌ಗಳಲ್ಲಿ ಔಟ್‌ಪುಟ್ ಸಾಕೆಟ್ಟಿನ ಮೂರನೇ ತೂತು ಒಳಗೆ ಎಲ್ಲಿಗೂ ಸೇರಿರುವುದಿಲ್ಲ. ಫ್ರಿಡ್ಜಿನ ಬಾಡಿಯಿಂದ ಮನೆಯ ಅರ್ಥಿಗೆ ಮಲ್ಟಿಮೀಟರಿನಲ್ಲಿ ಕಂಟಿನ್ಯುಟಿ ಬರಬೇಕು.

ತೇಗದ_ಬಾಗಿಲು

ಇಬ್ಬರಿಗೂ ಧನ್ಯವಾದ. ಬಿಚ್ಚಿ ನೋಡಿಸಿದೆ. ಕಾಯಿಲ್ ಒಂದು ಐಸ್ ಗೋಡೆ. ಟೈಮರ್ ತಿರುಗಿಸಿದರೆ ಕಂಪ್ರೆಸರ್ ನಿಲ್ಲುತ್ತದೆ, ಕರೆಂಟು ಸೊನ್ನೆ. ಹೀಟರ್ 34 ಓಮ್ ಇದೆ. ಗ್ರಾನೈಟ್ ಪಟ್ಟಿ ಗ್ರಿಲ್ಲಿನ ಅರ್ಧ ಎತ್ತರ ಮುಚ್ಚಿದೆ, ಅದನ್ನು ಕತ್ತರಿಸಲು ಹೇಳಿದ್ದೇನೆ. ಹಾಗಾದರೆ ಬೈಮೆಟಲ್ ತಾನೇ? ಇನ್ನೊಂದು: ಬಾಗಿಲಿನ ಕೆಳಮೂಲೆಯಲ್ಲಿ ಗ್ಯಾಸ್ಕೆಟ್ ಕೂರುತ್ತಿಲ್ಲ. ಮುಂದೆ ನಿಜವಾಗಲೂ ಗ್ಯಾಸ್ ಸೋರಿದರೆ ಆರ್-12 ಸಿಗುತ್ತದಾ?

ಕಾಪರ್_ಟ್ಯೂಬ್

ಬೈಮೆಟಲ್ಲೇ. ಖಾತ್ರಿ ಬೇಕಿದ್ದರೆ ಬಿಚ್ಚಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೂರು ಪಾಲು ಐಸ್ ಪುಡಿಗೆ ಒಂದು ಪಾಲು ಕಲ್ಲುಪ್ಪು ಬೆರೆಸಿ ಅದರೊಳಗೆ ಹತ್ತು ನಿಮಿಷ ಹೂತಿಡಿ. ಮೀಟರಿನಲ್ಲಿ ಕಂಟಿನ್ಯುಟಿ ಬರಬೇಕು, ಅಂಗೈಯಲ್ಲಿ ಬಿಸಿಯಾದಾಗ ಹೋಗಬೇಕು. ಐಸಿನಲ್ಲೂ ಬರದಿದ್ದರೆ ಹೋಗಿದೆ. ನಮ್ಮ ಫ್ರಾಸ್ಟ್-ಫ್ರೀ ಫ್ರಿಡ್ಜುಗಳ ಬೈಮೆಟಲ್ಲೇ ನಡೆಯುತ್ತದೆ, 250 ವೋಲ್ಟ್ 10 ಆಂಪ್ ಇದ್ದರಾಯಿತು. ಕಾಯಿಲಿನ ಹೊರಹೋಗುವ ಪೈಪಿಗೆ, ಹಳೆಯದು ಕೂತಿದ್ದ ಜಾಗದಲ್ಲೇ ಕ್ಲಿಪ್ ಮಾಡಿ. ಜಾಯಿಂಟಿಗೆ ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ತೇವ ಒಳಗೆ ಇಳಿಯುತ್ತದೆ, ಕ್ರಿಂಪ್ ಮಾಡಿ ಒಳಗೆ ಅಂಟು ಇರುವ ಹೀಟ್-ಶ್ರಿಂಕ್ ಹಾಕಿಸಿ. ಅದರ ಜೊತೆಗೇ ಸೀರೀಸಿನಲ್ಲಿ 72 ಡಿಗ್ರಿಯ ಥರ್ಮಲ್ ಫ್ಯೂಸ್ ಸೇರಿಸಿ. ಬೈಮೆಟಲ್ ಅಂಟಿಕೊಂಡರೆ ಹೀಟರನ್ನು ತಡೆಯಲು ಅದು ಬೇಕು.

ಐಸನ್ನು ಚಾಕುವಿನಿಂದ ಕೆತ್ತಬೇಡಿ, ಅಲ್ಯೂಮಿನಿಯಂ ತೂತಾದರೆ ಕಥೆ ಮುಗಿಯಿತು. ಬಿಸಿನೀರಿನ ಪಾತ್ರೆ ಇಟ್ಟು ಬಾಗಿಲು ಮುಚ್ಚಿ. ಕರಗಿದ ಮೇಲೆ ಡ್ರೈನ್ ತೂತಿಗೆ ಒಂದು ಲೋಟ ಬೆಚ್ಚಗಿನ ನೀರು ಬಿಟ್ಟು ಕೆಳಗಿನ ಟ್ರೇಗೆ ಬರುತ್ತದಾ ನೋಡಿ.

ಆರ್-12: ಓಝೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದದಂತೆ 2010ರ ಜನವರಿ 1ರಿಂದ ಅದರ ತಯಾರಿಕೆ ಇಲ್ಲಿ ನಿಂತಿದೆ. ಆ ಹೆಸರಲ್ಲಿ ಯಾರಾದರೂ ಸಿಲಿಂಡರ್ ತಂದರೆ ನಂಬಬೇಡಿ. ಆರ್-134ಎ ಎಂಬ ಬದಲಿ ಗ್ಯಾಸ್ ಹಾಕಿದರೆ ಹಳೇ ಮಿನರಲ್ ಎಣ್ಣೆ ಅದರ ಜೊತೆ ಬೆರೆಯುವುದಿಲ್ಲ, ಕಾಯಿಲಿನಲ್ಲೇ ಉಳಿದು ಕಂಪ್ರೆಸರ್ ಒಣಗುತ್ತದೆ. ಆ ದಾರಿ ಹಿಡಿದರೆ ಕಂಪ್ರೆಸರ್, ಕ್ಯಾಪಿಲರಿ, ಡ್ರೈಯರ್ (ತೇವ ಹೀರುವ ಫಿಲ್ಟರ್) ಮೂರನ್ನೂ ಬದಲಾಯಿಸಬೇಕು. ಒಳ್ಳೆಯದೇನೆಂದರೆ ಆಗ 230 ವೋಲ್ಟಿನ ಕಂಪ್ರೆಸರ್ರೇ ಹಾಕಬಹುದು. ಪ್ರೊಪೇನ್-ಐಸೋಬ್ಯೂಟೇನ್ ಅರ್ಧರ್ಧದ ಹೈಡ್ರೋಕಾರ್ಬನ್ ಮಿಶ್ರಣ ಹಳೇ ಎಣ್ಣೆಗೆ ಹೊಂದುತ್ತದೆ. ತೂಕ ಆರ್-12ರ ಶೇ. 40: ನಿಮ್ಮ 9 ಔನ್ಸ್ ಅಂದರೆ 255 ಗ್ರಾಂಗೆ ಸುಮಾರು 100 ಗ್ರಾಂ. ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು, ಗೇಜ್ ನೋಡಿಕೊಂಡು ಅಂದಾಜಿನಲ್ಲಿ ಅಲ್ಲ.

ಹೊಸ ಗ್ಯಾಸ್ ಹಾಕುವ ಮುಂಚೆ ಪಂಪಿನಿಂದ ಪೈಪಿನ ಗಾಳಿ ಹೊರಗೆಳೆಯುವ ವ್ಯಾಕ್ಯೂಮ್ ಬಗ್ಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡವೇ ಸುಮಾರು 27 ಇಂಚು ಪಾದರಸ. ಹಾಗಾಗಿ ಒತ್ತಡ, ವ್ಯಾಕ್ಯೂಮ್ ಎರಡನ್ನೂ ತೋರಿಸುವ ಕಾಂಪೌಂಡ್ ಗೇಜಿನ ಮುಳ್ಳು 27ರ ಹತ್ತಿರವೇ ನಿಲ್ಲುತ್ತದೆ. 30 ಬರುತ್ತಿಲ್ಲ, ಪಂಪ್ ಸರಿಯಿಲ್ಲ ಎಂದು ಗಂಟೆಗಟ್ಟಲೆ ಕಾಯುವವರಿದ್ದಾರೆ. ವ್ಯಾಕ್ಯೂಮನ್ನು ಸೂಕ್ಷ್ಮವಾಗಿ ಅಳೆಯುವ ಮೈಕ್ರಾನ್ ಗೇಜ್ ಹಾಕಿ 500 ಮೈಕ್ರಾನಿಗೆ ಇಳಿಸಿ, ಪಂಪ್ ಮುಚ್ಚಿ, ಏರುತ್ತದಾ ನೋಡುವುದೊಂದೇ ಸರಿಯಾದ ಪರೀಕ್ಷೆ.

ಐವತ್ತು_ಹರ್ಟ್ಸ್

ಹೈಡ್ರೋಕಾರ್ಬನ್ ವಿಷಯದಲ್ಲಿ ನನ್ನ ತಕರಾರಿದೆ. ಈ ಫ್ರಿಡ್ಜಿನಲ್ಲಿ ಥರ್ಮೋಸ್ಟಾಟ್ ಮತ್ತು ಬಾಗಿಲಿನ ದೀಪದ ಸ್ವಿಚ್ ಒಳಗಡೆಯೇ ಕಿಡಿ ಹಾರಿಸುತ್ತವೆ. ಕಾಯಿಲ್ ಒಳಗೆ ಸೋರಿದರೆ ಗಾಳಿಯಲ್ಲಿ ಸುಮಾರು ಶೇ. 2ರಷ್ಟು ಸೇರಿದರೂ ಹೊತ್ತಿಕೊಳ್ಳುತ್ತದೆ. ಎರಡನ್ನೂ ಸೀಲ್ ಆದ ಮಾದರಿಗೆ ಬದಲಾಯಿಸದೆ, ಸುತ್ತ ಮರವಿರುವ ಮುಚ್ಚಿದ ಕಪಾಟಿನೊಳಗೆ ನಾನಂತೂ ಹಾಕಿಸುವುದಿಲ್ಲ.

ಕಾಪರ್_ಟ್ಯೂಬ್

ಒಪ್ಪಿದೆ. ಸೀಲ್ಡ್ ಸ್ವಿಚ್ ಹಾಕಿಸಲು ಆಗದಿದ್ದರೆ 134ಎ ಮತ್ತು ಹೊಸ ಕಂಪ್ರೆಸರ್.

ಉಳಿ_ಬಾಚಿ

ಬಾಗಿಲಿನ ವಿಷಯ ನಾನು ಹೇಳುತ್ತೇನೆ. ಗ್ಯಾಸ್ಕೆಟ್ ದೂರುವ ಮೊದಲು ಹಿಂಜ್ ನೋಡಿ. 18 ಮಿಲಿಮೀಟರ್ ತೇಗದ ಹಲಗೆ ಚದರ ಮೀಟರಿಗೆ 12 ಕೆಜಿ ತೂಗುತ್ತದೆ. ಅಷ್ಟು ವರ್ಷ ಹೊತ್ತ ಕೆಳಗಿನ ಹಿಂಜಿನ ನೈಲಾನ್ ವಾಷರ್ ಸವೆದು ಬಾಗಿಲು ಇಳಿದಿರುತ್ತದೆ. ಬಾಗಿಲನ್ನು ಹಿಡಿಕೆಯ ಕಡೆ ಮೇಲಕ್ಕೆ ಎತ್ತಿ ಮುಚ್ಚಿದಾಗ ಮೂಲೆ ಕೂತರೆ ವಾಷರ್ ಹಾಕಿ ಎತ್ತರಿಸಿ, ಅಷ್ಟೇ ಕೆಲಸ.

ಗ್ಯಾಸ್ಕೆಟ್ಟೇ ಗಟ್ಟಿಯಾಗಿದ್ದರೆ ಅಳತೆ ಕೊಟ್ಟರೆ ಮ್ಯಾಗ್ನೆಟ್ ಪಟ್ಟಿ ಸೇರಿಸಿ, ಮೂಲೆ ಬೆಸೆದು ಮಾಡಿಕೊಡುವವರು ಊರಿನಲ್ಲಿದ್ದಾರೆ. ಒಂದು ಬೆರಳಗಲ ತುಂಡು ಕತ್ತರಿಸಿ ನಮೂನೆಗೆ ಕೊಡಿ, ಅಡ್ಡಕೊಯ್ತದ ಆಕಾರ ಬಾಯಲ್ಲಿ ಹೇಳಲಾಗದು. ಹಳೇ ಬಾಗಿಲಿನಲ್ಲಿ ಒಳಗಿನ ಪ್ಲಾಸ್ಟಿಕ್ ಹಾಳೆ, ಗ್ಯಾಸ್ಕೆಟ್, ತಗಡಿನ ಪಟ್ಟಿ ಎಲ್ಲವನ್ನೂ ಒಂದೇ ಸಾಲಿನ ಸ್ಕ್ರೂ ಹಿಡಿದಿರುತ್ತದೆ. ಬಾಗಿಲು ನೇರವಾಗಿ ನಿಂತಿರುವುದೂ ಅದೇ ಸ್ಕ್ರೂಗಳಿಂದ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಬಾಗಿಲು ತಿರುಚಿಕೊಳ್ಳುತ್ತದೆ. ಒಂದೊಂದೇ ಬದಿ ಸಡಿಲಿಸಿ, ಹೊಸದನ್ನು ತೂರಿಸಿ, ಅರ್ಧ ಬಿಗಿ ಮಾಡಿ ಮುಂದಿನ ಬದಿಗೆ ಹೋಗಿ. ಬಾಗಿಲು ಮುಚ್ಚಿ ನಾಲ್ಕೂ ಮೂಲೆ ನೋಡಿದ ಮೇಲೆ ಪೂರ್ತಿ ಬಿಗಿ. ಮಡಚಿ ಬಂದ ಗ್ಯಾಸ್ಕೆಟ್ಟನ್ನು ಮೊದಲು ಬಿಸಿನೀರಿನಲ್ಲಿ ಅದ್ದಿದರೆ ನೇರವಾಗುತ್ತದೆ. ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ. ಎಲ್ಲ ಕಡೆಯೂ ಹಿಡಿದೆಳೆದಂತೆ ಬರಬೇಕು.

ಇಷ್ಟು ಖರ್ಚಿಗೆ ಮುಂಚೆ ಹೊರಮೈ ಮುಟ್ಟಿ ನೋಡಿ. ಆಗ ಫ್ರಿಡ್ಜಿನ ಗೋಡೆಯೊಳಗೆ ಶಾಖ ತಡೆಯಲು ತುಂಬುತ್ತಿದ್ದುದು ಹೆಚ್ಚಾಗಿ ಗಾಜಿನ ಉಣ್ಣೆ. ಮಳೆಗಾಲದಲ್ಲಿ ಪಕ್ಕದ ಒಂದೇ ಜಾಗದಲ್ಲಿ ಅಂಗೈಯಗಲ ಬೆವರು ಬಿಡುತ್ತಿದ್ದರೆ ಅಲ್ಲಿ ಉಣ್ಣೆ ನೀರು ಕುಡಿದಿದೆ. ತಳದವರೆಗೂ ಒದ್ದೆಯಾಗಿದ್ದರೆ ಹೊಸ ಕಂಪ್ರೆಸರ್ ಹಾಕಿದರೂ ಅದು ನಿಲ್ಲದೆ ಓಡುತ್ತದೆ. ಆಗ ಕಪಾಟು ಉಳಿಸಿಕೊಂಡು 178 ಸೆಂಟಿಮೀಟರ್ ಎತ್ತರದ ಇಂಟಿಗ್ರೇಟೆಡ್ (ಕಪಾಟಿನೊಳಗೆ ಕೂರುವ) ಫ್ರಿಡ್ಜು ಕೂರಿಸಿ. ಅದಕ್ಕೆ ಬೇಕಾದ ಗೂಡು ಸಾಮಾನ್ಯವಾಗಿ 56 ಸೆಂಟಿಮೀಟರ್ ಅಗಲ, 55 ಆಳ. ನಿಮ್ಮ 91ರಲ್ಲಿ ಉಳಿಯುವ ಜಾಗಕ್ಕೆ ಒಂದು ಉದ್ದನೆ ಡಬ್ಬಿಕಪಾಟು ಬರುತ್ತದೆ. ಕೆಳಗೂ ಮೇಲೂ ತಲಾ 200 ಚದರ ಸೆಂಟಿಮೀಟರ್ ಗಾಳಿದಾರಿ ಬಿಡಿಸಿ. ತೇಗದ ಹಲಗೆಯನ್ನು ಹೊಸ ಬಾಗಿಲಿಗೆ ಕತ್ತರಿಸುವ ಮೊದಲು ಆ ಬಾಗಿಲು ಎಷ್ಟು ಕೆಜಿ ಹೊರುತ್ತದೆ ಎಂದು ಕೈಪಿಡಿಯಲ್ಲಿ ನೋಡಿ. ಹೆಚ್ಚಾದರೆ ಹಲಗೆಯ ಹಿಂಬದಿಯನ್ನು ಪ್ಲೇನರಿನಲ್ಲಿ ಹೆರೆಸಬೇಕಾಗುತ್ತದೆ.

ಫ್ರಿಡ್ಜು ಹೊರಗೆಳೆಯುವಾಗ ಮೇಲಿನ ಹಲಗೆಗೆ ಹಾಕಿರುವ ಸ್ಕ್ರೂ ಮೊದಲು ಬಿಚ್ಚಿ, ಮೊಸಾಯಿಕ್ ಮೇಲೆ ಪ್ಲೈವುಡ್ ಹಾಸಿ.