ಕೊವೆಂಟಿನಾ: ಕಥೆಯೇ ಉಳಿಯದ ದೇವಿಯನ್ನು ಶಾಸನಗಳಿಂದ ಎಷ್ಟು ಅರಿಯಬಹುದು?

ಪ್ರಶ್ನೆ (ಡೊಂಬಿವಲಿ):
ಮಾನ್ಯರೇ, ಉತ್ತರ ಬ್ರಿಟನ್ನಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಬಳಿ ಪೂಜೆಗೊಳ್ಳುತ್ತಿದ್ದ ಕೊವೆಂಟಿನಾ ಎಂಬ ಕೆಲ್ಟಿಕ್ ಜಲದೇವತೆಯ ಬಗ್ಗೆ ಓದುತ್ತಿದ್ದೇನೆ. ಊರಿನಲ್ಲಿ ದೈವಗಳ ಪಾಡ್ದನ ಕೇಳಿ ಬೆಳೆದ ನನಗೆ, ಒಂದು ಕಥೆಯೂ ಹಾಡೂ ಉಳಿಯದ ಈಕೆಯನ್ನು ಬರೀ ಕಲ್ಬರಹಗಳಿಂದ ಅರಿಯುವುದು ಸಾಧ್ಯವೇ ಎಂಬ ಸಂದೇಹವಿದೆ. ಅವಳ ಸ್ಥಾನ ನಿಜಕ್ಕೂ ಗುಡಿಯೋ, ಸೈನಿಕರು ಹಣ ಬಚ್ಚಿಟ್ಟ ಬಾವಿಯೋ?

ಉತ್ತರ (ಮಾಟುಂಗಾ):
ಗುಡಿಯೇ. 1876ರಲ್ಲಿ ಜಾನ್ ಕ್ಲೇಟನ್ ಅವರು ಬ್ರೊಕೊಲಿಟಿಯ ಎಂಬ ರೋಮನ್ ಕೋಟೆಯ ಪಕ್ಕದ ಒರತೆಯನ್ನು ಅಗೆಸಿದಾಗ, ಕಲ್ಲು ಕಟ್ಟಿದ ಚೌಕ ತೊಟ್ಟಿಯಲ್ಲಿ 13 ಸಾವಿರಕ್ಕೂ ಹೆಚ್ಚು ನಾಣ್ಯಗಳು, ಬರಹ ಕೆತ್ತಿದ ಹರಕೆಯ ಕಲ್ಲುಪೀಠಗಳು, ಉಂಗುರಗಳು, ಮಣಿಗಳು ದೊರೆತವು. ಬಚ್ಚಿಟ್ಟ ಹಣವಾಗಿದ್ದರೆ ಬೆಳ್ಳಿಬಂಗಾರ ಹೆಚ್ಚಿರಬೇಕಿತ್ತು. ಇಲ್ಲಿ ಸಿಕ್ಕಿದ್ದು ಬಹುಪಾಲು ಕಂಚಿನ ಪುಡಿಕಾಸು, ಅದೂ ನಾಲ್ಕನೆಯ ಶತಮಾನದ ಉತ್ತರಾರ್ಧದವರೆಗೆ ಬೀಳುತ್ತ ಬಂದದ್ದು. ಮುಂಬಯಿ ಬಳಿಯ ಭಾಯಂದರ್ ಖಾಡಿಯ (ಕಡಲ ಹಿನ್ನೀರಿನ) ಸೇತುವೆಯ ಮೇಲೆ ಲೋಕಲ್ ರೈಲು ಹಾಯುವಾಗ, ಬಾಗಿಲಲ್ಲಿ ನಿಂತವರು ನಾಣ್ಯವನ್ನು ಹಣೆಗೆ ಮುಟ್ಟಿಸಿ ನೀರಿಗೆ ಎಸೆಯುವುದನ್ನು ತಾವು ನೋಡಿರುತ್ತೀರಿ. ಈ ಪುಡಿಕಾಸೂ ಅಂಥದೇ ಎಂದು ನನಗೆ ತೋರುತ್ತದೆ.

ಉತ್ತರ (ಪುಣೆ):
ಗುಡಿ ಎಂಬುದನ್ನು ಒಪ್ಪುತ್ತೇನೆ, ಆದರೆ ನಾಣ್ಯಕ್ಕಿಂತ ಪೀಠಗಳ ಸಾಕ್ಷ್ಯವೇ ಗಟ್ಟಿಯಾದದ್ದು. ಎಸೆದ ಕಾಸು ಎಸೆದವನ ಹೆಸರು ಹೇಳುವುದಿಲ್ಲ, ಪೀಠ ಹೇಳುತ್ತದೆ. ಮಡುಹುಸ್ ಎಂಬ ಜರ್ಮನ್ ತನ್ನ ಮತ್ತು ತನ್ನವರ ಪರವಾಗಿ ಪೀಠ ನಿಲ್ಲಿಸಿದ್ದಾನೆ. ಅದರ ಕೊನೆಯ ನಾಲ್ಕು ಲ್ಯಾಟಿನ್ ಅಕ್ಷರಗಳ ಅರ್ಥ 'ಹರಕೆಯನ್ನು ಮನಸಾರೆ, ಸಲ್ಲತಕ್ಕಂತೆ ತೀರಿಸಿದನು' ಎಂದು. ಕ್ರೋಟುಸ್ ಎಂಬಾತ ತನ್ನ ಆರೋಗ್ಯಕ್ಕಾಗಿ ಹರಕೆ ಸಲ್ಲಿಸಿದ್ದಾನೆ. ಅಂದರೆ ಜನ ಅವಳಿಂದ ಏನು ಬೇಡಿದರು, ಬೇಡಿದ್ದು ಸಿಕ್ಕಿತೆಂದು ನಂಬಿ ಹೇಗೆ ಋಣ ತೀರಿಸಿದರು ಎಂಬುದು ತಿಳಿಯುತ್ತದೆ. ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಒಂದು ಮಣ್ಣಿನ ಧೂಪಪಾತ್ರೆ. ಸಾಟುರ್ನಿನುಸ್ ಗಾಬಿನಿಯುಸ್ ಎಂಬಾತ ಇದನ್ನು ಕೊವೆಂಟಿನಾಳಿಗೆ ಹರಕೆಯಾಗಿ ತನ್ನ ಕೈಯಾರೆ ಮಾಡಿದನೆಂದು ಅದರ ಮೇಲೆ ಬರೆದಿದೆ. ಅವನ ಹೆಸರಿನ ಎರಡು ಭಾಗಗಳ ನಡುವೆ 'ಮಾಡಿದನು' ಎಂಬ ಮಾತು ನುಸುಳಿಕೊಂಡಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಹರಕೆಯೆಂದ ಮೇಲೆ ನನಗೆ ದಾರಿ ಕಂಡಿತು. ಅವಳ ರೂಪವೇನಾದರೂ ಉಳಿದಿದೆಯೇ?

ಉತ್ತರ (ಮಾಟುಂಗಾ):
ಉಳಿದಿದೆ. ರೋಮನ್ ಸೈನ್ಯದ ಬಟೇವಿಯನ್ ಪಡೆಯ ಅಧಿಕಾರಿ ಕೊಸ್ಕೋನಿಯಾನುಸ್ ಅರ್ಪಿಸಿದ ಫಲಕದಲ್ಲಿ ದೇವಿ ನೀರಿನ ಗಿಡದ ಅಗಲವಾದ ಎಲೆಯ ಮೇಲೆ ಒರಗಿದ್ದಾಳೆ, ಒಂದು ಕೈಯಲ್ಲಿ ಗಿಡದ ಟೊಂಗೆ ಹಿಡಿದಿದ್ದಾಳೆ. ಚೆಸ್ಟರ್ಸ್ ಸಂಗ್ರಹಾಲಯದ ಚಿತ್ರಗಳಲ್ಲಿ ಅದನ್ನು ಹುಡುಕಿ ನೋಡಿರಿ.