ಸಹಾಯ ಬೇಕು: ಲಾಸಿಕ್ ಆದ ಕಣ್ಣಿನ ಪ್ರೆಶರ್ ಸರಿಯಾಗಿ ನೋಡುವವರು ಹುಬ್ಬಳ್ಳಿ-ಧಾರವಾಡದಲ್ಲಿ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ನಾವು ಗದಗದವರು. ನನ್ನ ತಂಗಿಗೆ 2019ರಲ್ಲಿ ಎರಡೂ ಕಣ್ಣಿಗೆ ಲಾಸಿಕ್ (ಕನ್ನಡಕ ಬಿಡಿಸುವ ಲೇಸರ್ ಆಪರೇಷನ್) ಆಗಿದೆ. ಮೈನಸ್ 7 ನಂಬರ್ ಇತ್ತು, ಈಗ ಕನ್ನಡಕ ಇಲ್ಲ. ಆದರೆ ನಮ್ಮ ಅವ್ವನಿಗೆ ಗ್ಲಾಕೋಮಾ ಇದೆ, ಅಂದರೆ ಹೆಚ್ಚಾಗಿ ಕಣ್ಣಿನ ಪ್ರೆಶರ್‌ನಿಂದ ಕಣ್ಣಿನ ನರ ಹಾಳಾಗುವ ಕಾಯಿಲೆ. ಒಂದು ಕಣ್ಣಿನ ನೋಟ ಅರ್ಧ ಹೋದ ಮೇಲೆ ಗೊತ್ತಾಯಿತು. ಅದೇ ಭಯಕ್ಕೆ ತಂಗಿಗೂ ತೋರಿಸಿದೆವು. ಗಾಳಿ ಊದುವ ಮಷಿನ್‌ನಲ್ಲಿ ಪ್ರೆಶರ್ 14 ಬಂತು. 10ರಿಂದ 21ರ ಒಳಗಿದೆ, ನಾರ್ಮಲ್ ಎಂದು ಕಳಿಸಿದರು. ಲಾಸಿಕ್ ಆಗಿದ್ದನ್ನು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಆಮೇಲೆ ಓದಿ ನಿದ್ದೆ ಹೋಯಿತು. ಲಾಸಿಕ್‌ನಲ್ಲಿ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತೆಳುವಾಗುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಪ್ರೆಶರ್ ನೋಡುವ ಗೋಲ್ಡ್‌ಮನ್ ಮಷಿನ್ ಕೂಡ ಕಾರ್ನಿಯಾ ಸುಮಾರು 520 ಮೈಕ್ರಾನ್ ದಪ್ಪ ಇದೆ ಎಂಬ ಲೆಕ್ಕದ ಮೇಲೆ ಮಾಡಿದ್ದು. ತೆಳು ಕಾರ್ನಿಯಾ ಬೇಗ ಒತ್ತಿಕೊಳ್ಳುತ್ತದೆ, ಅಲ್ವಾ? ಒಳಗಿನ ಪ್ರೆಶರ್ ಜಾಸ್ತಿ ಇದ್ದರೂ ಕಮ್ಮಿ ತೋರಿಸಬಹುದು. ದಪ್ಪ ನೋಡಿ ಬಂದ ಪ್ರೆಶರ್‌ಗೆ ಸುಮ್ನೆ ಇಷ್ಟು ಅಂತ ಕೂಡಿಸಿಕೊಂಡರೂ ನಂಬುವಂತಿಲ್ಲ. ಕಾರ್ನಿಯಾದ ಬಿಗಿಯೂ ಬದಲಾಗಿರುತ್ತದೆ.

ಪ್ಯಾಸ್ಕಲ್, ಓಆರ್‌ಎ, ಕಾರ್ವಿಸ್ ಮಷಿನ್‌ಗಳಲ್ಲಿ ಈ ತಪ್ಪು ಕಮ್ಮಿ. ಇವುಗಳಲ್ಲಿ ಯಾವುದಾದರೂ ಹುಬ್ಬಳ್ಳಿ, ಧಾರವಾಡದಲ್ಲಿ ಎಲ್ಲಿದೆ? ಲಾಸಿಕ್ ಆದ ಮೇಲೆ ಗ್ಲಾಕೋಮಾ ಡಾಕ್ಟರ್‌ಗೆ ತೋರಿಸಿದವರು ಯಾರಾದರೂ ಇದ್ದೀರಾ? ಖರ್ಚು ಎಷ್ಟಾಯಿತು, ಎಷ್ಟು ತಿಂಗಳಿಗೊಮ್ಮೆ ಕರೆದರು, ದಯವಿಟ್ಟು ತಿಳಿಸಿ. ಕಣ್ಣಿನ ನರದ ಓಸಿಟಿ ಸ್ಕ್ಯಾನ್, ಸುತ್ತಲಿನ ನೋಟ ಎಷ್ಟಿದೆ ಎಂದು ನೋಡುವ ಫೀಲ್ಡ್ ಟೆಸ್ಟ್ ಹೇಗೂ ಮಾಡಿಸುತ್ತೇವೆ. ಆಪರೇಷನ್‌ಗೆ ಮುಂಚಿನ ಫೈಲ್ ಹುಡುಕುತ್ತಿದ್ದೇವೆ, ಹಳೆಯ ಪ್ರೆಶರ್ ಮತ್ತು ಕಾರ್ನಿಯಾ ದಪ್ಪ ಅದರಲ್ಲೇ ಇರಬೇಕು. ಬರುವ ಶನಿವಾರ ಹುಬ್ಬಳ್ಳಿಗೆ ಬರುತ್ತಿದ್ದೇವೆ, ಅಷ್ಟರೊಳಗೆ ಯಾರಾದರೂ ಹೇಳಿದರೆ ತುಂಬಾ ಉಪಕಾರ ಆಗುತ್ತದೆ.