ಅಮ್ಮನ ಹಿತ್ತಿಲಿನ ಗಿಡಗಳನ್ನೂ ನೆನಪುಗಳನ್ನೂ ವರ್ಷಾಂತದೊಳಗೆ ಉಳಿಸಿಕೊಳ್ಳುವುದು ಹೇಗೆ?

ಪೆರ್ಲದಮನೆ:
ಅಮ್ಮ ಕಳೆದ ತಿಂಗಳು ತೀರಿಕೊಂಡರು. ಮುಂದಿನ ಜೂನ್‌ನಲ್ಲಿ ವರ್ಷಾಂತ, ಅಂದರೆ ವರ್ಷದ ಶ್ರಾದ್ಧ. ಪೇಟೆಯಲ್ಲಿ ಬೆಳೆದ ಮೊಮ್ಮಕ್ಕಳಿಗೂ ಅಜ್ಜಿಯೆಂದರೆ ಈ ಹಿತ್ತಿಲೇ. ಬಂದವರಿಗೆ ಸ್ಟೀಲಿನ ಪಾತ್ರೆ ಕೊಡುವ ಬದಲು ಅಮ್ಮನ ಗಿಡಗಳಿಂದಲೇ ಮಾಡಿದ ಸಸಿ, ಜೊತೆಗೊಂದು ಚಿಕ್ಕ ಪುಸ್ತಕ ಕೊಡಬೇಕೆಂದಿದ್ದೇವೆ. ಇರುವುದು: ಮಿಡಿ ಉಪ್ಪಿನಕಾಯಿಗೆ ಹೇಳಿಮಾಡಿಸಿದಂಥ ಒಂದು ಕಾಟುಮಾವು (ಕಾಡುಮಾವು), ಒಂದು ಪುನರ್ಪುಳಿ (ಕೋಕಂ), ದಾಸವಾಳ, ನಂದಿಬಟ್ಟಲು, ಕೇಪುಳ, ಅಮ್ಮ ವರ್ಷವರ್ಷವೂ ತೆಗೆದಿಡುತ್ತಿದ್ದ ಅಲಸಂಡೆ ಮತ್ತು ಸಾಂಬಾರು ಸೌತೆಯ ಬೀಜ. ತಮ್ಮನ ಮನೆಕೆಲಸಕ್ಕೆ ಜಾಗ ಬೇಕಾಗಿ ಮಳೆ ಬಿಟ್ಟ ಮೇಲೆ ಮಾವಿನ ಮರ ಕಡಿಯಲೇಬೇಕು. ಎಲ್ಲಿಂದ ಶುರು ಮಾಡಲಿ?

ಕಸಿಕತ್ತಿ:
ಮಾವಿನಿಂದಲೇ, ಈ ವಾರವೇ. ಕಾಟುಮಾವಿನ ಗೊರಟಿನಿಂದ ಎದ್ದ ಸಸಿ ತಾಯಿಮರದ ಗುಣವನ್ನೇ ಕೊಡುತ್ತದೆಂದು ನಂಬುವಂತಿಲ್ಲ. ಅದೇ ಸೊನೆ, ಅದೇ ಪರಿಮಳ ಬೇಕಿದ್ದರೆ ಕಸಿಯೇ ಆಗಬೇಕು. ನಮ್ಮ ಕಡೆ ಜೂನ್‌ನಿಂದ ಆಗಸ್ಟ್ ವರೆಗೆ ಗಾಳಿಯಲ್ಲಿ ತೇವ ಇರುವುದರಿಂದ ಗೊರಟುಕಸಿ ಚೆನ್ನಾಗಿ ಹಿಡಿಯುತ್ತದೆ.

ಅಡಿಗಿಡಕ್ಕೆ ಯಾವ ಮಾವಿನ ಮರದಡಿ ಮೊಳೆತ ಸಸಿಯಾದರೂ ಸರಿ, ಗೊರಟು ಕಳಚದಂತೆ, ಬೇರು ತುಂಡಾಗದಂತೆ ಎಬ್ಬಿಸಿ. ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರಬೇಕು, ಅಂದರೆ ಮೊಳೆತು ಹದಿನೈದು ದಿನದೊಳಗಿನದು. ಕಸಿಕಡ್ಡಿಗೆ ತಾಯಿಮರದ ಬಿಸಿಲು ಬೀಳುವ ಬದಿಯಿಂದ ಪೆನ್ಸಿಲ್ ದಪ್ಪದ, ಮೂರು ನಾಲ್ಕು ತಿಂಗಳು ಬಲಿತ ಕೊಡಿ (ಗೆಲ್ಲಿನ ತುದಿ) ಆರಿಸಿ. ಕಡ್ಡಿ ತೆಗೆಯುವ ಎಂಟು ಹತ್ತು ದಿನ ಮೊದಲು ಅದರ ಎಲೆಗಳನ್ನು ತೊಟ್ಟು ಬಿಟ್ಟು ಕತ್ತರಿಸಿಡಿ. ಮುಟ್ಟಿದರೆ ತೊಟ್ಟು ಉದುರಿ, ತುದಿಮೊಗ್ಗು ಉಬ್ಬಿ ಕಂಡರೆ ಕಡ್ಡಿ ತಯಾರು.

ಗೊರಟಿನಿಂದ 6–8 ಸೆಂ.ಮೀ. ಮೇಲೆ ಸಸಿಯ ತಲೆ ಕತ್ತರಿಸಿ ನಡುವೆ 3–4 ಸೆಂ.ಮೀ. ಸೀಳಿ. ಕಡ್ಡಿಯ ಬುಡವನ್ನು ಎರಡೂ ಬದಿ ಬೆಣೆಯಂತೆ ಕೆತ್ತಿ ಒಳಗೆ ಇಳಿಸಿ. ಕಡ್ಡಿ ದಪ್ಪವಾಗಿದ್ದರೆ ಒಂದು ಬದಿಯ ಸಿಪ್ಪೆಗೆ ಸಿಪ್ಪೆಯಾದರೂ ಸರಿಯಾಗಿ ಕೂಡಬೇಕು. ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ ಮೇಲಿಂದ ಐಸ್‌ಕ್ಯಾಂಡಿ ಕವರ್ ತೊಡಿಸಿ, ಚಿಗುರು ಬಂದಾಗ ತೆಗೆಯಿರಿ. ಹೆಚ್ಚಿನ ಕಸಿ ಕೆಡುವುದು ಕಟ್ಟಿನೊಳಗೆ ನೀರಿಳಿದು ಬೂಷ್ಟು ಹಿಡಿದು. ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್ ಕದಡಿ ಗೊರಟನ್ನೂ ಕಡ್ಡಿಯನ್ನೂ ಐದು ನಿಮಿಷ ಅದ್ದಿ, ಹನಿ ಬೀಳದ ಮಾಡಿನಡಿ ಇಡಿ. ಹದಿನೈದು ಬೇಕಿದ್ದರೆ ಮೂವತ್ತು ಕಟ್ಟಿ.

ಪುನರ್ಪುಳಿಯಲ್ಲಿ ಗಂಡುಮರ, ಹೆಣ್ಣುಮರ ಬೇರೆ ಬೇರೆ. ಬೀಜದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಮತ್ತು ಹೂ ಬರುವ ತನಕ, ಅಂದರೆ ಆರೇಳು ವರ್ಷ, ಯಾವುದು ಯಾವುದೆಂದು ತಿಳಿಯುವುದಿಲ್ಲ. ಕಾಯಿ ಬಿಡುವ ನಿಮ್ಮ ಮರದಿಂದ ಕಸಿ ಕಟ್ಟಿದರೆ ಆ ಚಿಂತೆ ಇಲ್ಲ. ಆದರೆ ಕಡ್ಡಿಯನ್ನು ನೆಟ್ಟಗೆ ಮೇಲಕ್ಕೆ ಹೋಗುವ ಕೊಡಿಯಿಂದಲೇ ತೆಗೆಯಿರಿ. ಅಡ್ಡ ಗೆಲ್ಲಿನದನ್ನು ಕಟ್ಟಿದರೆ ಗಿಡ ಮರವಾಗಿ ಏಳದೆ ನೆಲದ ಮೇಲೆ ಹರಡಿಕೊಳ್ಳುತ್ತದೆ.

ದಾಸವಾಳ, ನಂದಿಬಟ್ಟಲಿಗೆ ಗಡಿಬಿಡಿ ಬೇಡ. ಆಟಿಯ (ಜುಲೈ–ಆಗಸ್ಟಿನ ತುಳು ತಿಂಗಳು) ಮಳೆಗೆ ತುಂಡು ಕೊಳೆಯುತ್ತದೆ. ಸೆಪ್ಟೆಂಬರಿನಲ್ಲಿ 15–20 ಸೆಂ.ಮೀ. ತುಂಡು ಕತ್ತರಿಸಿ, ಎರಡು ಗಂಟು ಮಣ್ಣಿನೊಳಗೆ ಹೋಗುವಂತೆ ನೆಡಿ. ಮಣ್ಣು, ಹೊಯಿಗೆ (ಮರಳು), ಹಳೆಗೊಬ್ಬರ ಸಮಸಮ. ಕೇಪುಳ ಬೇರು ಬಿಡಲು ಸತಾಯಿಸುತ್ತದೆ, ಎರಡು ಪಟ್ಟು ತುಂಡು ಹಾಕಿ.

ಬೀಜದಬುಟ್ಟಿ:
ಅಕ್ಕಾ, ಡಬ್ಬಿಯಲ್ಲಿರುವ ಬೀಜವನ್ನು ಹಾಗೆಯೇ ಹಂಚಬೇಡಿ. ಹತ್ತು ಬೀಜ ಒದ್ದೆಬಟ್ಟೆಯಲ್ಲಿ ಸುತ್ತಿಡಿ, ಐದಾರು ದಿನದಲ್ಲಿ ಆರೇಳಾದರೂ ಮೊಳೆಯಬೇಕು. ಆದರೆ ಎಲ್ಲವನ್ನೂ ಒಟ್ಟಿಗೆ ಮಣ್ಣಿಗೆ ಹಾಕಬೇಡಿ, ಅರ್ಧ ಉಳಿಸಿಕೊಳ್ಳಿ. ಬೇಸಗೆಯ ತರಕಾರಿಯ ಜೊತೆ ಬೆಳೆದು ಮಾರ್ಚ್ ಹೊತ್ತಿಗೆ ಹೊಸ ಬೀಜ ತೆಗೆಯಿರಿ. ಅಲಸಂಡೆಯ ತಳಿ ಸುಲಭಕ್ಕೆ ಬೆರಕೆಯಾಗುವುದಿಲ್ಲ, ಅದಕ್ಕೆ ಶತ್ರು ಕುಟ್ಟೆಹುಳ. ಕೋಡು ಬಳ್ಳಿಯಲ್ಲೇ ಒಣಗಲಿ, ಸುಲಿದು ಬಿಸಿಲಿಗೆ ಹಾಕಿ ಬೂದಿ ಬೆರೆಸಿ ಕುಪ್ಪಿಗೆ ತುಂಬಿ. ಸೌತೆ ಹಾಗಲ್ಲ. ಪಕ್ಕದಲ್ಲಿ ಇಬ್ಬುಡ್ಲು (ಕರಬೂಜದ ಜಾತಿಯ ಹಣ್ಣು) ಇದ್ದರೆ ಜೇನುನೊಣ ಎರಡರ ಹೂವಿನ ಹುಡಿಯನ್ನೂ ಬೆರೆಸಿಬಿಡುತ್ತದೆ. ನಾಳೆ ಅರಳುವ ಹೆಣ್ಣುಮೊಗ್ಗನ್ನೂ ಗಂಡುಮೊಗ್ಗನ್ನೂ ಸಂಜೆ ನೂಲಿನಿಂದ ಕಟ್ಟಿ, ಬೆಳಗ್ಗೆ ಕೈಯಾರೆ ಹುಡಿ ಮುಟ್ಟಿಸಿ ಪುನಃ ಕಟ್ಟಿ. ಆ ಕಾಯಿಯ ತೊಟ್ಟಿಗೆ ಗುರುತಿನ ದಾರ ಹಾಕಿ, ಹಣ್ಣಾದ ಮೇಲೆ ಬೀಜ ತೆಗೆಯಿರಿ.

ಪುಸ್ತಕಕ್ಕೆ ನನ್ನ ಒಂದು ಮಾತು. ಹುಟ್ಟಿದ್ದು, ಮದುವೆಯಾದದ್ದು, ಮಕ್ಕಳ ಹೆಸರು, ಇಷ್ಟರಲ್ಲೇ ಮುಗಿಸಿದರೆ ಅದು ಯಾರ ಅಮ್ಮನದ್ದೂ ಆಗಬಹುದು. ನಿಮ್ಮ ಅಮ್ಮನ ವರ್ಷವನ್ನು ಬರೆಯಿರಿ: ಪತ್ತನಾಜೆ (ಮೇ ಕೊನೆಗೆ ಬರುವ, ಮಳೆಗಾಲಕ್ಕೆ ಮುಂಚಿನ ತುಳುವರ ದಿನ) ಕಳೆದ ಮೇಲೆ ಯಾವ ಬೀಜ ಮೊದಲು ಹಾಕುತ್ತಿದ್ದರು, ಆಟಿಯಲ್ಲಿ ಯಾವ ಸೊಪ್ಪಿನ ತಂಬುಳಿ, ಬೇಸಗೆಯಲ್ಲಿ ಹಕ್ಕಿಗೆ ನೀರು ಎಲ್ಲಿಡುತ್ತಿದ್ದರು, ಯಾವ ಗಿಡ ಯಾರ ಮನೆಯಿಂದ ಬಂದದ್ದು. ನೆಂಟರನ್ನು ಕೂರಿಸಿ ಕೇಳಿದರೆ "ತುಂಬ ಒಳ್ಳೆಯವರು" ಎನ್ನುತ್ತಾರೆ, ಮುಂದೆ ಮಾತು ಹೊರಡುವುದಿಲ್ಲ. ಹಿತ್ತಿಲಿಗೆ ಕರೆದುಕೊಂಡು ಹೋಗಿ ಗಿಡ ತೋರಿಸಿ ಕೇಳಿ. ಅಮ್ಮನ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸರನ್ನು ಮರೆಯಬೇಡಿ, ಎಷ್ಟೋ ಸಲ ಹೆಚ್ಚು ಗೊತ್ತಿರುವುದು ಅವರಿಗೇ. ಅವರು ತುಳುವಿನಲ್ಲಿ, ಮಲಯಾಳದಲ್ಲಿ ಹೇಳಿದ ಹೆಸರನ್ನೂ ಹಾಗೆಯೇ ಬರೆದುಕೊಳ್ಳಿ.

ಮದ್ದಿನ ವಿಷಯದಲ್ಲಿ ಮಾತ್ರ ಬಹಳ ಜಾಗ್ರತೆ. ಆಟಿ ಅಮಾವಾಸ್ಯೆಗೆ ಕುಡಿಯುವ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯವನ್ನು ಬರೆದು ಮರದ ಗುರುತು ಬರೆಯದಿದ್ದರೆ, ಪೇಟೆಯ ಮೊಮ್ಮಗ ವಿಷದ ಕಾಸರಕ ಮರದ ಕೆತ್ತೆ ತಂದಾನು. ಅದು ಪ್ರಾಣಕ್ಕೇ ಅಪಾಯ. ಪಾಲೆಗೆ ಒಂದೇ ಗಂಟಿನ ಸುತ್ತ ಏಳರ ಆಸುಪಾಸು ಎಲೆ, ಗೀರಿದರೆ ಬಿಳಿಹಾಲು. ಕಾಸರಕಕ್ಕೆ ಎದುರುಬದುರು ಎರಡೇ ಎಲೆ, ಎಲೆಯ ಬುಡದಿಂದಲೇ ಹೊರಡುವ ಮೂರರಿಂದ ಐದು ನರ, ಹಾಲಿಲ್ಲ. 2023ರಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಮರವೆಂದು ಘೋಷಿಸಿದ್ದು ಇದೇ ಕಾಸರಕವನ್ನು. ಮರ ಬೇಕು, ಕಷಾಯಕ್ಕಲ್ಲ. ಎರಡರ ಫೋಟೋವನ್ನೂ ಹಾಕಿ, ಮರ ಬಲ್ಲ ಹಿರಿಯರು ತೋರಿಸದೆ ಕೆತ್ತೆ ತೆಗೆಯಬಾರದೆಂದು ದಪ್ಪಕ್ಷರದಲ್ಲಿ ಹಾಕಿಸಿ.

ಅಚ್ಚಿನಮನೆ:
ಮೊದಲು ಅಮ್ಮನ ಫೋನ್ ತೆಗೆದಿಡಿ. ಯಾರಿಗೂ ಬಳಸಲು ಕೊಡಬೇಡಿ, ರೀಸೆಟ್ ಮಾಡಬೇಡಿ, ಸಿಮ್‌ಗೆ ರೀಚಾರ್ಜ್ ಮಾಡುತ್ತಿರಿ. ವಾಟ್ಸಾಪ್ ಖಾತೆ 120 ದಿನ ಬಳಸದಿದ್ದರೆ ಅಳಿಸಿಹೋಗುತ್ತದೆ. ಅಮ್ಮನ ವಾಯ್ಸ್ ಮೆಸೇಜುಗಳು ಮಕ್ಕಳ ಫೋನುಗಳಲ್ಲೂ ಇರುತ್ತವೆ. ಪ್ರತಿಯೊಬ್ಬರೂ ತಮ್ಮ ಚಾಟನ್ನು ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಮಾಡಿ ಎರಡು ಕಡೆ ಉಳಿಸಲಿ.

ಹಳೆ ಫೋಟೋ ಫ್ರೇಮಿನ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಬಣ್ಣದ ಪದರ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಬಿಡಿ ಫೋಟೋಗಳಿಗೆ 600 ಡಿಪಿಐ. ಪ್ರೆಸ್ಸಿಗೆ ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ. ಇಲ್ಲದಿದ್ದರೆ ಅಚ್ಚಿನಲ್ಲಿ ಮುಖ ಮಸುಕು.

ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟ ನಾಲ್ಕರ ಲೆಕ್ಕದಲ್ಲಿರಬೇಕು, ನಿಮಗೆ 32 ಸಾಕು. ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಪ್ರೆಸ್ಸಿನವರು ತಮ್ಮ ‘ನುಡಿ’ ಫಾಂಟಿಗೆ ತಿರುಗಿಸಿದರೆ ಅರ್ಕಾವೊತ್ತು, ಒತ್ತಕ್ಷರ ಅಲ್ಲಲ್ಲಿ ಕೆಡುವುದುಂಟು. ಕರಡನ್ನು ಕಾಗದದಲ್ಲೇ ತರಿಸಿ ಇಬ್ಬರು ಓದಿ, ಊರಿನ ಹೆಸರುಗಳನ್ನು ಬೇರೆಯಾಗಿ ನೋಡಿ. ಏಪ್ರಿಲ್ ಕೊನೆಗೆ ಕರಡು ಕೈಸೇರಿದರೆ ಮೇಯಲ್ಲಿ ಮುದ್ರಣ ನಿರಾಳ.

ಪೆರ್ಲದಮನೆ:
ಎಲ್ಲರಿಗೂ ತುಂಬ ಉಪಕಾರ. ಮಾವಿನ ಕೊಡಿಗಳ ಎಲೆ ನಾಳೆಯೇ ಕತ್ತರಿಸುತ್ತೇವೆ. ಇನ್ನೊಂದು ಪ್ರಶ್ನೆ: ಕೆಲವರ ಜಾಗ ಬರೀ ಮುರಕಲ್ಲು (ಕೆಂಪುಕಲ್ಲು), ಕೆಲವರದ್ದು ಫ್ಲಾಟು. ಯಾರಿಗೆ ಏನು ಕೊಡುವುದು?

ಕಸಿಕತ್ತಿ:
ಫ್ಲಾಟಿನವರಿಗೆ ದಾಸವಾಳ, ಒಂದೆಲಗ, ಸಾಂಬ್ರಾಣಿ (ದೊಡ್ಡಪತ್ರೆ). ಮಾವಿನ ಕಸಿ ಬೇಡವೇ ಬೇಡ, ಚಟ್ಟಿಯಲ್ಲಿ ಸೊರಗುತ್ತದೆ. ಮುರಕಲ್ಲಿನವರು ಸಸಿ ಬರುವ ಮೊದಲೇ, ಮೇಯಲ್ಲಿ, ಮೂರಡಿ ಉದ್ದಗಲ ಆಳದ ಹೊಂಡ ತೋಡಿಸಿಡಲಿ. ಅಡಿಯಲ್ಲಿ ಇಡೀ ಕಲ್ಲು ಸಿಕ್ಕಿದರೆ ಪಿಕ್ಕಾಸಿನಿಂದ ಒಡೆದು ಬಿರುಕು ಬಿಡಿಸಬೇಕು. ಇಲ್ಲವಾದರೆ ಹೊಂಡದಲ್ಲಿ ಮಳೆನೀರು ನಿಂತು ಬೇರು ಕೊಳೆಯುತ್ತದೆ. ಮೇಲ್ಮಣ್ಣು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ ತುಂಬಿ, ನೆಲದಿಂದ ಅರ್ಧ ಅಡಿ ದಿಬ್ಬ ಮಾಡಿ ನೆಡಲಿ. ಅರೆಕಳಿತ ಗೊಬ್ಬರ ಹಾಕಿದರೆ ಗೆದ್ದಲನ್ನು ಕರೆದಂತೆ. ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ, ಅದರ ಕೆಳಗಿನ ಚಿಗುರನ್ನು ಕಂಡಕಂಡಾಗ ಚಿವುಟಲಿ. ಬಿಟ್ಟರೆ ಕೊನೆಗೆ ಬೆಳೆಯುವುದು ಅಮ್ಮನ ಮಾವಲ್ಲ, ಅಡಿಯ ಗೊರಟಿನ ಮಾವು. ಮೊದಲ ಎರಡು ಬೇಸಗೆ ನೀರು ತಪ್ಪಬಾರದು.

ಹೆಸರಿನ ಚೀಟಿಗೆ ಮಾರ್ಕರ್ ಶಾಯಿ ನಿಲ್ಲುವುದಿಲ್ಲ. ತೆಳು ಅಲ್ಯೂಮಿನಿಯಂ ತಗಡಿನ ಪಟ್ಟಿಯ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಬರೆದು, ಸರಿಗೆಯನ್ನು ಸಡಿಲವಾಗಿ ಕಟ್ಟಿ, ವರ್ಷಕ್ಕೊಮ್ಮೆ ಬಿಚ್ಚಿ ಪುನಃ ಕಟ್ಟಲು ಹೇಳಿ. ಬಿಗಿದರೆ ಗೆಲ್ಲಿನ ಸಿಪ್ಪೆಯೊಳಗೆ ಹೂತುಹೋಗುತ್ತದೆ. ಕಸಿ ಎಲ್ಲ ಹಂಚಿ ಮುಗಿಸಬೇಡಿ, ತಮ್ಮನ ಹೊಸ ಮನೆಯ ಹತ್ತಿರ ಎರಡು ನೆಡಲು ಇಟ್ಟುಕೊಳ್ಳಿ.